ಗೋಧಿಯೆಂಬ ಮರ್ಯಾದೆ

ನನಗೊಂದು ಕೆಟ್ಟ ಚಾಳಿ ಇದೆ. ಯಾರಾದರೂ ಊಟಕ್ಕೆ ಕರೆದರೆ, "ಆಗಲಿ, ಬರುತ್ತೇನೆ" ಎನ್ನುವ ಮೊದಲೇ "ಏನು ಅಡುಗಿ ಮಾಡ್ತೀರಿ?" ಎಂದು ಕೇಳಿಬಿಡುತ್ತೇನೆ. ಮೊನ್ನೆ ಎದುರುಮನೆಯಾಕೆ ಮೊಮ್ಮಗನ ತೊಟ್ಟಿಲಿಗೆ ಕರೆಯಲು ಕುಂಕುಮದ ಬಟ್ಟಲು ಹಿಡಿದು ಬಂದಿದ್ದರು. ನನ್ನ ಪ್ರಶ್ನೆ ಕೇಳಿ ಕುಂಕುಮದ ಬೆರಳು ನನ್ನ ಹಣೆಯ ಹತ್ತಿರವೇ ನಿಂತಿತು. "ಹೋಳಿಗಿ ರೀ" ಎಂದರು. "ಅನ್ನ ಇರ್ತೈತೆಲ್ಲ?" ಎಂದೆ. "ಅನ್ನ ಇಲ್ದ ಊಟ ಎಲ್ಲಿರ್ತೈತ್ರೀ?" ಎಂದು ನಕ್ಕರು. ಈ ವಯಸ್ಸಿನಲ್ಲೂ ಈಕೆಯ ನಾಲಿಗೆಯ ಚಪಲ ಹೋಗಿಲ್ಲವಲ್ಲ ಎಂದು ಅವರು ಮನೆಗೆ ಹೋಗಿ ಹೇಳಿರಬಹುದು. ಹೇಳಿಕೊಳ್ಳಲಿ. ಹೊಟ್ಟೆಬಾಕಿ ಎನ್ನಿಸಿಕೊಳ್ಳುವುದು ನನಗೆ ಬಹಳ ಹಿಂದೆಯೇ ರೂಢಿಯಾಗಿದೆ.

ವಿಷಯ ಇಷ್ಟೇ. ನನಗೆ ಗೋಧಿ ಆಗುವುದಿಲ್ಲ. ಇಷ್ಟವಿಲ್ಲವೆಂದಲ್ಲ, ಬಹಳ ಇಷ್ಟ. ಹೊಟ್ಟೆಗೆ ಹೋದರೆ ನನ್ನ ಸಣ್ಣಕರುಳು ಮುಷ್ಕರ ಹೂಡುತ್ತದೆ.

ಧಾರವಾಡದಲ್ಲಿ ಎಂ.ಎ. ಓದುವಾಗ ನಾನು ಕಡ್ಡಿಯಂತಾಗಿದ್ದೆ. ಹಾಸ್ಟೆಲ್ಲಿನಲ್ಲಿ ದಿನಕ್ಕೆರಡು ಹೊತ್ತು ಚಪಾತಿ. ಉಂಡಷ್ಟೂ ಸೊರಗುತ್ತಿದ್ದೆ. ಹರಪನಹಳ್ಳಿಯಲ್ಲಿ ನಮ್ಮ ಅವ್ವ "ಓದಿ ಓದಿ ಹಿಂಗಾಗ್ಯಾಳ" ಎಂದು ನಂಬಿದ್ದಳು. ನೆರೆಯವರು ಕ್ಷಯವೆಂದರು. ಕೊನೆಗೆ ಅಣ್ಣ ನನ್ನನ್ನು ದೂರದ ಒಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ದಾರದಂಥ ನಳಿಗೆಯ ತುದಿಗಿದ್ದ ಸಣ್ಣ ಗುಂಡೊಂದನ್ನು ನುಂಗಿಸಿ, ಕರುಳಿನ ಚೂರು ತೆಗೆದು ನೋಡಿದರು. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಇರುತ್ತದೆ, ಅದು ನಿನ್ನ ಕರುಳಿಗೆ ವೈರಿ ಎಂದು ಕನ್ನಡ ಬಲ್ಲ ಡಾಕ್ಟರೊಬ್ಬರು ಹೇಳಿದರು.

"ಎಷ್ಟು ದಿವಸ ಬಿಡಬೇಕ್ರಿ ಡಾಕ್ಟ್ರೇ?" ಎಂದು ಅಣ್ಣ ಕೇಳಿದ.

"ಇರೋ ತನಕ."

"ಔಷಧಿ?"

"ಬಿಡೋದೇ ಔಷಧಿ."

ಅಣ್ಣ ಹರಪನಹಳ್ಳಿಯಲ್ಲಿ ಕಾಳುಕಡಿಯ ದಲಾಲಿ ಅಂಗಡಿ ಇಟ್ಟವನು. ದಿನವೂ ಅಂಗೈಯಲ್ಲಿ ಕಾಳು ಹಿಡಿದು ನೋಡುವವನು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ "ಲೇ, ನಮ್ಮ ಮನ್ಯಾಗ ಹುಟ್ಟಿ ಕಾಳಿಗೇ ವೈರಿ ಆದೆಲ್ಲ" ಎಂದ. ನಕ್ಕನೋ, ಕಣ್ಣು ಒರೆಸಿಕೊಂಡನೋ ಈಗ ಖಚಿತವಾಗಿ ಹೇಳಲಾರೆ. ನನ್ನ ನೆನಪು ಎರಡನ್ನೂ ತೋರಿಸುತ್ತದೆ.

ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಸಣ್ಣವಳಿದ್ದಾಗ ಶಾಲೆಯಲ್ಲಿ ಮಧ್ಯಾಹ್ನ ಹಳದಿ ಉಪ್ಪಿಟ್ಟು ಕೊಡುತ್ತಿದ್ದರು. ಹೊರದೇಶದಿಂದ ಹಡಗಿನಲ್ಲಿ ಬಂದ ಗೋಧಿಯದು ಎಂದು ಮೇಷ್ಟ್ರು ಹೆಮ್ಮೆಯಿಂದ ಹೇಳುತ್ತಿದ್ದರು. ಮುತ್ತುಗದ ಎಲೆಯ ಮೇಲೆ ಹಾಕಿದರೆ ಎಲೆಯೂ ಬಿಸಿಯಾಗಿ ಒಂದು ಹಸಿರು ವಾಸನೆ ಬರುತ್ತಿತ್ತು. ಆ ಉಪ್ಪಿಟ್ಟು ತಿಂದ ಸಂಜೆಗಳಲ್ಲೆಲ್ಲ ನಾನು ಹೊಟ್ಟೆ ಹಿಡಿದು ಮಲಗಿದ್ದೆನೆಂದೂ, ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳೆಂದೂ, ಘಾಟು ಬಾರದ್ದರಿಂದ ದೃಷ್ಟಿ ತಾಗಿದ್ದು ನಿಜವೆಂದು ತೀರ್ಮಾನವಾಗುತ್ತಿತ್ತೆಂದೂ ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಅವ್ವನನ್ನು ಕೇಳಿದರೆ "ಉಪ್ಪಿಟ್ಟಿಗೆ ಅಲ್ಲ, ಹುಣಸಿಕಾಯಿ ತಿಂದು ನಿನಗ ಹೊಟ್ಟಿ ನೋವು ಬರ್ತಿತ್ತು" ಎನ್ನುತ್ತಿದ್ದಳು. ಡಾಕ್ಟರು ಗೋಧಿಯ ಹೆಸರು ಹೇಳಿದ ಮೇಲೆ ನಾನೇ ಹಿಂದಕ್ಕೆ ಹೋಗಿ ಆ ಎಲೆಯ ಮೇಲೆ ಹೊಟ್ಟೆನೋವನ್ನು ಬಡಿಸಿ ಬಂದೆನೇನೋ.

ಮನೆಯಲ್ಲಿ ಕಷ್ಟವಾಗಲಿಲ್ಲ. ನಮ್ಮದು ಜೋಳದ ಸೀಮೆ. ಕೂಡ್ಲಿಗಿಯಿಂದ ಹಡಗಲಿಯವರೆಗೆ ದಿನದ ಊಟವೆಂದರೆ ರೊಟ್ಟಿ, ಪಲ್ಲೆ, ನವಣೆಯದೋ ಅಕ್ಕಿಯದೋ ಅನ್ನ. ಅವ್ವ ಹಿಟ್ಟಿನ ಗಿರಣಿಯಲ್ಲಿ ಒಂದು ಎಚ್ಚರ ಕಲಿತಳು. ಗೋಧಿ ಬೀಸಿದ ಬೆನ್ನಿಗೆ ನಮ್ಮ ಜೋಳ ಹಾಕಲು ಬಿಡುತ್ತಿರಲಿಲ್ಲ, ಇನ್ನೊಬ್ಬರ ಜೋಳ ಬೀಸಿ ಮುಗಿಯಲಿ ಎಂದು ಬುಟ್ಟಿಯ ಮೇಲೆ ಕೂತಿರುತ್ತಿದ್ದಳು. ಮೂರು ತಿಂಗಳಲ್ಲಿ ನನ್ನ ಕೆನ್ನೆ ತುಂಬಿತು.

ತೊಂದರೆ ಇದ್ದದ್ದು ಹೊಸಿಲಿನ ಆಚೆ. ನಮ್ಮ ಕಡೆ ಜೋಳ ದಿನದ ಊಟ, ಗೋಧಿ ಮರ್ಯಾದೆಯ ಊಟ. ಬೀಗರು ಬಂದರೆ ಗೋಧಿ ಹುಗ್ಗಿ. ಸಾಹೇಬರು ಬಂದರೆ ಚಪಾತಿ. ಹಬ್ಬಕ್ಕೆ ಹೋಳಿಗೆ. ತೀರಾ ಅವಸರವಾದರೆ ಉಪ್ಪಿಟ್ಟು. ಜೋಳದ ರೊಟ್ಟಿಯನ್ನು ಅತಿಥಿಯ ಮುಂದಿಟ್ಟರೆ ಮನೆಯ ಮಾನ ಹೋಯಿತು. ಹೀಗಾಗಿ ಜನ ನನ್ನನ್ನು ಎಷ್ಟು ಗೌರವಿಸುತ್ತಾರೋ ಅಷ್ಟು ನನಗೆ ಅಪಾಯ.

ಇಂಥವಳಿಗೆ ಸಿಕ್ಕಿದ್ದು ಎಂಥ ನೌಕರಿ ಅಂತೀರಿ? ಅಂಗನವಾಡಿಗಳ ಮೇಲ್ವಿಚಾರಕಿ. ಎಂಬತ್ತರ ದಶಕದ ಮೊದಲ ವರ್ಷಗಳು. ಹಡಗಲಿಯಲ್ಲೊಂದು ಬಾಡಿಗೆ ಕೋಣೆ, ದಿನವೂ ಒಂದೊಂದು ಹಳ್ಳಿ. ಮಕ್ಕಳ ತೂಕ ನೋಡುವುದು, ಅವರಿಗೆ ಕೊಡುವ ಆಹಾರದ ರುಚಿ ನೋಡುವುದು ನನ್ನ ಕೆಲಸ. ಆಹಾರ ಯಾವುದು? ಗೋಧಿ ರವೆಯ ಉಪ್ಪಿಟ್ಟು. ನಾನು ಅದನ್ನು ಮೂಸಿ, ಕಾರ್ಯಕರ್ತೆಗೆ ತಿನ್ನಿಸಿ, ಆಕೆಯ ಮುಖ ನೋಡಿ ಉಪ್ಪು ಸರಿಯಿದೆಯೋ ಇಲ್ಲವೋ ತಿಳಿಯುತ್ತಿದ್ದೆ.

ಆದರೂ ಆ ನೌಕರಿ ನನಗೆ ಬೇಕಾಗಿತ್ತು. ಮನೆಯಲ್ಲಿ ಕುಳಿತರೆ ನಾನು ಚೆನ್ನಾಗಿ ನೋಡಿಕೊಂಡ ಒಬ್ಬ ರೋಗಿ, ಅಷ್ಟೇ. ಹೊರಗೆ ನಾನು ಬಸ್ಸು ಹತ್ತಿ ಇಳಿಯುವ, ಸಂಬಳ ತರುವ, ಹತ್ತು ಹಳ್ಳಿಯ ಮಕ್ಕಳ ಹೆಸರು ಗೊತ್ತಿರುವ ಹೆಂಗಸು. ಕರುಳಿನ ಮಾತು ಕೇಳಿ ಇದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಹೋಟೆಲುಗಳ ಕಥೆ ಕೇಳಿ. ಸಭೆಗೆಂದು ಕೂಡ್ಲಿಗಿಗೆ ಹೋದಾಗ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಕೇಳಿದೆ.

"ಗೋಧಿ ಇಲ್ಲದ್ದು ಏನೈತ್ರಿ?"

"ನಮ್ಮಲ್ಲಿ ಗೋಧೀನೇ ಇಲ್ರಿ ಅಕ್ಕಾರ. ಉಪ್ಪಿಟ್ಟು ಐತಿ, ಪೂರಿ ಐತಿ."

"ಉಪ್ಪಿಟ್ಟು ರವಾದ್ದಲ್ಲೇನ್ರಿ?"

"ರವಾದ್ದೇ."

"ರವಾ ಗೋಧಿದಲ್ಲೇನು?"

ಮಾಲಿಕ ಗಲ್ಲದ ಮೇಲೆ ಕೈಯಿಟ್ಟು ನನ್ನನ್ನು ನೋಡಿದ. "ರವಾ ಅಂದ್ರ ರವಾ ರೀ. ಅಂಗಡ್ಯಾಗ ಸಿಗ್ತೈತಿ. ಗೋಧಿ ಅಂದ್ರ ಹೊಲದಾಗ ಬೆಳಿತೈತಿ. ನೀವು ಕಲಿತೋರು, ಇಷ್ಟು ಗೊತ್ತಿಲ್ಲೇನು?"

ಅಂದಿನಿಂದ ನನ್ನ ಪ್ರಯಾಣದ ಊಟ ಒಗ್ಗರಣೆ ಮಂಡಕ್ಕಿ. ಕೊಟ್ಟೂರಿನಲ್ಲಿ ಬಸ್ಸು ಬದಲಿಸುವಾಗ ಒಂದು ಪೊಟ್ಟಣ ಕಟ್ಟಿಸಿಕೊಳ್ಳುತ್ತಿದ್ದೆ. ಜೊತೆಗಿನ ಮಿರ್ಚಿಯನ್ನು ಮಾತ್ರ ಬೇಡ ಎನ್ನುತ್ತಿದ್ದೆ. ಮಿರ್ಚಿ ಕಡಲೆಹಿಟ್ಟಿನದೇ, ಆದರೆ ಅದೇ ಎಣ್ಣೆಯಲ್ಲಿ ಪೂರಿಯೂ ಈಜಾಡಿರುತ್ತಿತ್ತು. ಮಿರ್ಚಿ ಬೇಡ ಎನ್ನುವವಳನ್ನು ಕೊಟ್ಟೂರಿನ ಅಂಗಡಿಯವನು ಬೇರೆ ದೇಶದವಳೆಂದು ತಿಳಿದಿರಬೇಕು.

ಇಷ್ಟೆಲ್ಲ ಎಚ್ಚರದ ನಡುವೆಯೂ ಹಗರಿಬೊಮ್ಮನಹಳ್ಳಿಯಲ್ಲಿ ನಾನು ಬಿದ್ದೆ. ತರಬೇತಿಯ ಊಟಕ್ಕೆ ಶಾವಿಗೆ ಪಾಯಸವಿತ್ತು. "ಅಕ್ಕಿ ಶಾವಿಗಿ ಏನ್ರಿ?" ಎಂದೆ. ಬಡಿಸುವವರಿಗೆ ನನ್ನನ್ನು ಸಂತೋಷಪಡಿಸಬೇಕಾಗಿತ್ತು. "ಹೌದ್ರಿ, ಅಕ್ಕಿದೇ" ಎಂದರು. ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಹೊಟ್ಟೆ ತೊಳಸಿ, ವಾಂತಿಯಾಗಿ, ಕಣ್ಣಿಗೆ ಕತ್ತಲೆ ಕವಿದು ಚೀಲದ ಮೇಲೆ ಉರುಳಿದೆ. ಯಾರೋ ಮುಖಕ್ಕೆ ಸೋಡಾ ಚಿಮುಕಿಸಿದರು. ಒಬ್ಬ ಹೆಂಗಸು "ಬಸುರಿ ಇರಬೇಕು ಪಾಪ" ಎಂದಳು. ಮದುವೆಯಾಗದ ನಾನು ಹರಪನಹಳ್ಳಿ ಮುಟ್ಟುವ ಮೊದಲೇ ಈ ಮಾತು ಮುಟ್ಟಿತ್ತು.

ಅಣ್ಣ ಕೂಗಾಡಲಿಲ್ಲ. ಹಾಸಿಗೆಯ ಪಕ್ಕ ಕೂತು ಮೆತ್ತಗೆ ಹೇಳಿದ. "ಇನ್ನೊಂದು ಸಲ ಹಿಂಗ ದಾರ್ಯಾಗ ಬಿದ್ದಿ ಅಂದ್ರ ನೌಕರಿ ಬಿಟ್ಟು ಮನಿಗೆ ಬಂದುಬಿಡಬೇಕು. ನಾನೇ ಬಂದು ಕರಕೊಂಡು ಬರ್ತೀನಿ. ಮಾತು ಕೊಡು."

"ಬೀಳಂಗಿಲ್ಲ."

"ಮಾತು ಕೊಡಂದೆ."

ಕೊಟ್ಟೆ. ಕೊಟ್ಟ ಮೇಲೆ ಹಟ ಬಂತು. ಇನ್ನು ಮೇಲೆ ಯಾರ ಮನೆಯಲ್ಲೂ ಏನೂ ಮುಟ್ಟುವುದಿಲ್ಲ ಎಂದು ನಿಶ್ಚಯಿಸಿದೆ. ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. ಹೋದಲ್ಲೆಲ್ಲ ನನ್ನ ಬುತ್ತಿ ನಾನು ಬಿಚ್ಚಿದೆ. "ಪಥ್ಯ ರೀ" ಎನ್ನುತ್ತಿದ್ದೆ. ಗೌಡರ ಮನೆಗಳಲ್ಲಿ, ಶೆಟ್ಟರ ಮನೆಗಳಲ್ಲಿ ಜನ ಬೇಸರಪಟ್ಟುಕೊಂಡರೂ ನಂಬಿದರು. ಈ ಉಪಾಯ ಎಲ್ಲ ಕಡೆಯೂ ನಡೆಯುತ್ತದೆ ಎಂದುಕೊಂಡೆ.

ಮಾಗಳ ಎಂಬುದು ಹೊಳೆಯ ದಂಡೆಯ ಊರು. ಅಲ್ಲಿಯ ದಲಿತರ ಕೇರಿಯ ಅಂಗನವಾಡಿಗೆ ನಾನು ಮೊದಲ ಸಲ ಹೋದ ದಿನ, ಕಾರ್ಯಕರ್ತೆ ರತ್ನಮ್ಮ ಕೆಲಸವೆಲ್ಲ ಮುಗಿದ ಮೇಲೆ ಮನೆಗೆ ಕರೆದೊಯ್ದಳು. ಅವಳ ಗಂಡ ಹಡಗಲಿಯ ಒಂದು ಕಚೇರಿಯಲ್ಲಿ ಜವಾನ. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಹೊಸ ಚಾಪೆ. ಅತ್ತೆ ದುರುಗವ್ವ ತುಪ್ಪದ ಗಿಂಡಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮನೆತುಂಬ ಬೆಲ್ಲ, ಏಲಕ್ಕಿ, ಗೋಧಿ ಬೆಂದ ಪರಿಮಳ.

"ಕೈ ತೊಳಕೊಳ್ರಿ ಮೇಡಂ. ನಮ್ಮತ್ತಿ ಹುಗ್ಗಿ ಮಾಡ್ಯಾಳ" ಎಂದಳು ರತ್ನಮ್ಮ.

ನಾನು ಎಂದಿನ ಪಾಠ ಒಪ್ಪಿಸಿದೆ. "ನನಗ ಹೊಟ್ಟಿ ಸರಿ ಇರಂಗಿಲ್ಲ ರತ್ನಮ್ಮ. ಬುತ್ತಿ ತಂದೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ." ಚೀಲದ ಬಾಯಿ ಬಿಚ್ಚಿದೆ.

ದುರುಗವ್ವ ಗಿಂಡಿಯನ್ನು ಮೆಲ್ಲಗೆ ಕೆಳಗಿಟ್ಟಳು. "ಬಿಡ ರತ್ನಿ, ಒತ್ತಾಯ ಮಾಡಬ್ಯಾಡ. ಹಿಂದಿನ ಮೇಡಂಗೂ ಹೊಟ್ಟಿ ನೋವಿತ್ತು. ಸಾಲಿ ನೋಡಾಕ ಬಂದಿದ್ದ ಸಾಹೇಬ್ರಿಗೂ ಹೊಟ್ಟಿ ನೋವು. ಊರಾಗೆಲ್ಲಾ ಚಲೋ ಇರ್ತಾರವ್ವ, ನಮ್ಮ ಕೇರಿಗೆ ಬಂದ್ರ ಸಾಕು, ಎಲ್ಲರಿಗೂ ಹೊಟ್ಟಿ ನೋವು ಹಿಡಕೊಂತೈತಿ. ಇಲ್ಲಿ ಗಾಳಿನೇ ಸರಿ ಇಲ್ಲ ಕಾಣ್ತೈತಿ."

"ಅತ್ತಿ, ಸುಮ್ಕಿರು" ಎಂದಳು ರತ್ನಮ್ಮ. ಅವಳೂ ನನ್ನ ಮುಖ ನೋಡಲಿಲ್ಲ.

ನನ್ನ ನಿಜ ಎಷ್ಟೋ ಜನರ ಸುಳ್ಳಿನ ಬಟ್ಟೆ ಉಟ್ಟು ನಿಂತಿತ್ತು. ಕರುಳು, ಗ್ಲುಟೆನ್, ದೂರದ ಆಸ್ಪತ್ರೆ ಎಂದು ವಿವರಿಸಲು ಬಾಯಿ ತೆರೆದೆ. ಹೇಳಿದಷ್ಟೂ ಅದು ಇನ್ನೂ ಒಳ್ಳೆಯ ನೆಪವಾಗಿ ಕೇಳಿಸುತ್ತದೆ ಎಂದು ತಿಳಿದು ಮುಚ್ಚಿದೆ. ಚೀಲದ ಬಾಯಿಯನ್ನೂ ಕಟ್ಟಿದೆ.

"ಅವ್ವಾ, ನಿಮ್ಮ ಮನ್ಯಾಗಿನ ಜೋಳದ ರೊಟ್ಟಿ ಕೊಡ್ರಿ. ಉಣ್ತೀನಿ."

"ಹುಗ್ಗಿ ಬಿಟ್ಟು ರೊಟ್ಟಿ?"

"ಗೋಧಿ ಒಂದೇ ಆಗಂಗಿಲ್ಲ ನನಗ. ರೊಟ್ಟಿ ಎಷ್ಟು ಕೊಟ್ರೂ ಉಣ್ತೀನಿ."

ಆಕೆ ನನ್ನನ್ನು ಅಳೆಯುವಂತೆ ನೋಡಿ ಒಳಗೆ ಹೋದಳು. ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ತಟ್ಟೆ ಬಂತು. ಬೆಳ್ಳಗೆ, ಮೆತ್ತಗೆ, ಅಂಚು ಕೂಡ ಒಡೆಯದ ರೊಟ್ಟಿ. ಒಂದು ತುಂಡು ಮುರಿಯಲು ಹೋದೆ. ಜೋಳದ ರೊಟ್ಟಿ ಮುರಿಯುತ್ತದೆ. ಇದು ಮುರಿಯಲಿಲ್ಲ, ಎಳೆದಂತೆ ಜಗ್ಗಿಕೊಂಡು ಬಂತು.

ಇದರಲ್ಲಿ ಗೋಧಿಹಿಟ್ಟಿದೆ.

ಅತ್ತೆ ಸೊಸೆ ಇಬ್ಬರೂ ನನ್ನ ಕೈ ನೋಡುತ್ತಿದ್ದರು. ತುತ್ತು ಬಾಯಿಗಿಟ್ಟರೆ ಹಡಗಲಿಯ ಬಸ್ಸಿನಲ್ಲಿ ನಾನು ಬೀಳುವುದು ಖಂಡಿತ, ಅಣ್ಣ ಬರುವುದೂ ಖಂಡಿತ. ಕೆಳಗಿಟ್ಟರೆ ಈ ಮನೆಗೆ ಬಂದುಹೋದ ಹೊಟ್ಟೆನೋವಿನವರ ಸಾಲಿನಲ್ಲಿ ನಾನೂ ಒಬ್ಬಳು. ಆಮೇಲೆ ಯಾವ ಮುಖ ಹೊತ್ತು ಇಲ್ಲಿಯ ಮಕ್ಕಳನ್ನು ತಕ್ಕಡಿಯಲ್ಲಿ ಕೂರಿಸಲಿ? ನೌಕರಿ ಎರಡೂ ದಾರಿಯಲ್ಲಿ ಹೋಗುವಂತಿತ್ತು.

"ಅವ್ವಾ, ಇದರಾಗ ಗೋಧಿಹಿಟ್ಟು ಹಾಕೀರೇನ್ರಿ?"

ದುರುಗವ್ವ ಸೆರಗಿನ ತುದಿ ಹಿಡಿದುಕೊಂಡಳು. "ಒಂದು ಹಿಡಿ ಹಾಕೀನವ್ವ, ಮೆತ್ತಗಾಗ್ಲಿ ಅಂತ. ಬರೇ ಜೋಳದ್ದು ನಿಮ್ಮಂಥೋರ ಮುಂದ ಹೆಂಗ ಇಡ್ಲಿ? ನಾಳಿ ಊರಾಗ ಏನಂದಾರು?"

ನಾನು ಎದ್ದುನಿಂತೆ. "ಮುಂಜಾನಿ ನೀವು ಏನು ಉಂಡ್ರಿ?"

"ನಮ್ದೇನವ್ವ. ನಿನ್ನಿ ತಂಗಳ ರೊಟ್ಟಿ, ಪುಂಡಿಪಲ್ಲೆ."

"ಉಳದೈತೇನು?"

"ಪುಟ್ಟ್ಯಾಗ ಐತಿ. ಅದು ನಿಮಗ ಕೊಡೋದಲ್ಲ ರೀ..."

ಕೇಳಲಿಲ್ಲ. ಕೈ ತೊಳೆದುಕೊಂಡು ಅಡುಗೆಮನೆಗೆ ನಡೆದೆ. ಬಿದಿರಿನ ಪುಟ್ಟಿಯ ಬಟ್ಟೆ ಸರಿಸಿ, ಅಡಿಯಲ್ಲಿದ್ದ ಗಟ್ಟಿ ರೊಟ್ಟಿಯನ್ನು ನಾನೇ ತೆಗೆದುಕೊಂಡೆ. ಗಡಿಗೆಯಿಂದ ಪುಂಡಿಪಲ್ಲೆ ಹಾಕಿಕೊಂಡು ಒಲೆಯ ಮುಂದೆ ಬರಿನೆಲದ ಮೇಲೆ ಕೂತೆ. ಮುರಿದೆ. ಟಕ್ಕೆಂದು ಮುರಿಯಿತು. ಹುಳಿಹುಳಿ ಪಲ್ಲೆ, ಒಂದು ಈರುಳ್ಳಿ, ಒಂದು ಹಸಿಮೆಣಸಿನಕಾಯಿ. ಗಡಿಗೆಯ ನೀರು. ಕಣ್ಣಲ್ಲಿ ನೀರು ಬಂದದ್ದು ಮೆಣಸಿನಕಾಯಿಗೆ ಎಂದು ಈಗಲೂ ನಂಬಿದ್ದೇನೆ.

ದುರುಗವ್ವ ಬಾಗಿಲಿಗೊರಗಿ ನಿಂತು ಕೊನೆಯ ತುತ್ತಿನವರೆಗೂ ನೋಡಿದಳು. "ಇನ್ನೊಂದು ಕೊಡ್ಲೇನು?" ಎಂದಳು. ಕೊಡ್ರಿ ಎಂದೆ. ಅದು ಅರ್ಧ ಮುಗಿದಾಗ ಎದುರಿಗೆ ಕೂತಳು.

"ಖರೇನ ಗೋಧಿ ಆಗಂಗಿಲ್ಲೇನವ್ವ ನಿನಗ?"

"ಖರೇನ."

"ಹುಗ್ಗೀನೂ?"

"ಹುಗ್ಗೀನೂ."

"ಯವ್ವಾ, ಎಂಥಾ ಹಣೇಬರ ನಿಂದು!" ಆಕೆ ನನ್ನ ತಲೆಯ ಮೇಲೆ ಕೈಯಾಡಿಸಿದಳು. ನನ್ನನ್ನು ಅಷ್ಟು ಮನಸಾರೆ ಕನಿಕರಿಸಿದವರು ಡಾಕ್ಟರುಗಳಲ್ಲೂ ಇರಲಿಲ್ಲ.

ಅಂದು ನಾನು ಆ ಒಲೆಯ ಮುಂದೆ ಕೂತದ್ದು ಸಮಾನತೆಗಾಗಿ ಎಂದು ಬರೆದುಕೊಳ್ಳಲು ಆಸೆಯಾಗುತ್ತದೆ. ಕರುಳು ಉಳಿಸಿಕೊಳ್ಳಲು ಕೂತೆನೋ, ದುರುಗವ್ವನ ಮಾತು ಚುಚ್ಚಿದ್ದಕ್ಕೆ ಕೂತೆನೋ, ಗೋಧಿ ಆಗುತ್ತಿದ್ದರೆ ಚಾಪೆಯ ಮೇಲೆಯೇ ಹುಗ್ಗಿ ಉಂಡು ಎದ್ದುಬರುತ್ತಿದ್ದೆನೋ, ಒಳಗಿನ ಪುಟ್ಟಿ ಎಲ್ಲಿದೆಯೆಂದು ಎಂದಾದರೂ ತಿಳಿಯುತ್ತಿತ್ತೋ, ಗೊತ್ತಿಲ್ಲ. ಆ ದಿನದ ಡೈರಿಯಲ್ಲಿ "ಮಾಗಳ. ತಕ್ಕಡಿ ಸರಿಯಿಲ್ಲ. ಊಟ ಆಯಿತು" ಎಂದಷ್ಟೇ ಇದೆ. ಬರೆದವಳನ್ನು ಹಿಡಿದು ಕೇಳೋಣವೆಂದರೆ ಆಕೆ ಈಗ ಸಿಗುವುದಿಲ್ಲ.

ಬಸ್ಸಿನಲ್ಲಿ ಬೀಳಲಿಲ್ಲ ಎಂಬುದು ಮಾತ್ರ ಖಚಿತ. ಅಂದಿನಿಂದ ಬುತ್ತಿ ಬಿಟ್ಟೆ. ಯಾವ ಊರಿಗೆ ಹೋದರೂ ಮುಂಜಾನೆ ನೀವು ಉಂಡದ್ದನ್ನು ಕೊಡಿ, ನನಗೆಂದು ಏನೂ ಮಾಡಬೇಡಿ ಎನ್ನತೊಡಗಿದೆ. ಮೊದಮೊದಲು ಗೌಡರ ಮನೆಗಳಲ್ಲಿ ಜಗಳವೇ ಆಯಿತು. "ಮಂದಿ ನಮ್ಮ ಮುಖಕ್ಕ ಉಗುಳ್ಲಿ ಅಂತೀರೇನ್ರಿ?" ಎಂದು ಒಬ್ಬಾಕೆ ಕೈಯಿಂದ ತಟ್ಟೆ ಕಸಿದುಕೊಂಡರು. ನಾನು ಮತ್ತೆ ತೆಗೆದುಕೊಂಡೆ. ಕಾರ್ಯಕರ್ತೆಯರ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ ನನಗೆ "ತಂಗಳ ಮೇಡಂ" ಎಂಬ ಹೆಸರು ಬಂತು.

ಆ ಹೆಸರು ಹರಪನಹಳ್ಳಿಯ ಸಂತೆಯನ್ನೂ ಮುಟ್ಟಿತು. ಒಂದು ಮುಂಜಾನೆ ಅಣ್ಣ ಹಡಗಲಿಯ ನನ್ನ ಕೋಣೆಯ ಮುಂದೆ ನಿಂತಿದ್ದ.

"ಅವರಿವರ ಮನ್ಯಾಗ ತಂಗಳ ಉಣ್ಣೋವಷ್ಟು ಗತಿಗೆಟ್ಟೀವೇನು ನಾವು? ಅದೂ ಎಂತೆಂಥಾ ಓಣ್ಯಾಗ! ಸಾಕು ನಡಿ. ಸಾಮಾನು ಕಟ್ಟು."

"ನಾನು ಬಿದ್ದಿಲ್ಲ."

"ಬೀಳ್ತಿ."

"ಬಿದ್ರ ಬರ್ತೀನಿ ಅಂದಿದ್ದೆ. ಬಿದ್ದಿಲ್ಲ. ನನ್ನ ಮಾತು ನಾನು ಉಳಿಸೀನಿ, ನಿಂದು ನೀ ಉಳಿಸು. ಇವತ್ತು ಮಾಗಳಕ್ಕ ಹೊಂಟೀನಿ. ಬಾ, ಬಂದು ನೋಡು. ಆಮ್ಯಾಲೆ ಮಾತಾಡು."

ಬಂದ. ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ. ದುರುಗವ್ವ ಅಣ್ಣನನ್ನು ಕಂಡು ಹಿಗ್ಗಿ ಚಾಪೆ ಹಾಸಿದಳು. ನಾವು ಅಂಗನವಾಡಿಯ ಕೆಲಸ ಮುಗಿಸಿ ಬರುವಷ್ಟರಲ್ಲಿ ಹುಗ್ಗಿ ತಯಾರಾಗಿತ್ತು. ಅಣ್ಣನ ಮುಂದೆ ತಟ್ಟೆತುಂಬ ಹುಗ್ಗಿ, ಮೇಲೆ ತುಪ್ಪ. ನನ್ನ ಮುಂದೆ ಗಟ್ಟಿ ರೊಟ್ಟಿ, ಬದನೆಕಾಯಿ ಪಲ್ಲೆ.

ಅಣ್ಣನ ಹುಬ್ಬು ಗಂಟಾಯಿತು. "ಇದೇನ್ರಿ? ನನಗ ಹುಗ್ಗಿ, ಆಕಿಗೆ ಒಣ ರೊಟ್ಟಿ?"

"ಆಕಿದು ಮೊದಲ ತಗದಿಟ್ಟು, ಆಮ್ಯಾಲೆ ನಿಮ್ಮ ಹುಗ್ಗಿಗೆ ಕೈ ಹಾಕೀನ್ರಿ. ಸೌಟು ಸುದ್ದಾ ಬ್ಯಾರೆ" ಎಂದಳು ದುರುಗವ್ವ. "ನಿಮ್ಮ ತಂಗಿ ನಮ್ಮನ್ಯಾಗ ಉಂಡು ಒಂದಿನಾ ಮಲಗಿಲ್ಲ. ಕೇಳ್ರಿ ಬೇಕಾದ್ರ."

ಅಣ್ಣ ತಟ್ಟೆ ನೋಡಿದ. ಬುದ್ಧನ ಪಟ ನೋಡಿದ. ಅವನ ಕೈ ಮೊಣಕಾಲಿನ ಮೇಲೆಯೇ ಇತ್ತು. ಅವನು ಯಾವ ನೆಪ ಹುಡುಕುತ್ತಿದ್ದಾನೆಂದು ನನಗೆ ಗೊತ್ತಿತ್ತು. ಒಂದು ಸೋಮವಾರ, ಒಂದು ಉಪವಾಸ, ಒಂದು ಪಿತ್ತ. ದುರುಗವ್ವನಿಗೂ ಗೊತ್ತಿತ್ತು. ಆಕೆ ಸೌಟು ಹಿಡಿದೇ ನಿಂತಿದ್ದಳು.

"ನಮ್ಮಣ್ಣಗ ಗೋಧಿ ಬಾಳ ಚಲೋ ಆಗ್ತೈತ್ರಿ ಅವ್ವಾ" ಎಂದೆ. "ಇನ್ನೊಂದು ಸೌಟು ಹಾಕ್ರಿ."

ಅಣ್ಣ ನನ್ನ ಕಡೆ ತಿರುಗಿದ. ನಾನು ರೊಟ್ಟಿ ಮುರಿಯುತ್ತ ಅವನನ್ನೇ ನೋಡುತ್ತಿದ್ದೆ. ಕೊನೆಗೆ ಕೈ ಕೆಳಗಿಳಿಯಿತು. ಮೊದಲ ತುತ್ತು ತಡವಾಯಿತು, ಉಳಿದವು ತಡವಾಗಲಿಲ್ಲ. ಎರಡನೆಯ ಸೌಟು ತಾನೇ ಕೇಳಿ ಹಾಕಿಸಿಕೊಂಡೆ ಎಂದು ಅಣ್ಣ ಈಗ ಹೇಳುತ್ತಾನೆ. ಅವನ ನೆನಪು ಅವನದು.

ಸಂಜೆ ಹಡಗಲಿಗೆ ಮರಳಿದೆವು. ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ "ತುಪ್ಪ ಮನಿದು ಇರಬೇಕು" ಎಂದ. ಹೌದು ಎಂದೆ. ಹರಪನಹಳ್ಳಿಯ ಬಸ್ಸು ಹೊರಡಲು ನಿಂತಿತ್ತು. ಅವನು ಹತ್ತಿ ಕಿಟಕಿಯ ಪಕ್ಕ ಕೂತ. ನಾನು ಕೆಳಗೆ ನಿಂತೆ.

"ನಾಳಿ ಯಾವ ಊರು?" ಎಂದ.

ಊರಿನ ಹೆಸರು ಹೇಳಿದೆ. ತಲೆಯಾಡಿಸಿದ. ಅಷ್ಟರಲ್ಲಿ ಕಂಡಕ್ಟರ್ ಬಂದು, ಕೆಳಗೆ ನಿಂತ ನನ್ನನ್ನೂ ಮೇಲೆ ಕೂತ ಅಣ್ಣನನ್ನೂ ನೋಡಿ, "ಹರಪನಹಳ್ಳಿಗೆ ಎಷ್ಟ್ರೀ, ಎರಡೇನು?" ಎಂದು ಕೇಳಿದ.

"ಒಂದು ಕೊಡಪಾ" ಎಂದ ಅಣ್ಣ.